ಕಪ್ಪಂಗಿಯವರ ಬಯಲಾಟ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ವರುಷಕ್ಕೆ ಎರಡು ಮೂರಾದರೂ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಹೊತ್ತು ಬರುತ್ತವೆ. ಈ ಸಲದ್ದು ದಾವಣಗೆರೆಯಿಂದ ಬಂದುದು; ಬರೆದವರು ಒಬ್ಬ ತಾಯಿ. ಬೆಂಗಳೂರಿನಲ್ಲಿ ಓದುತ್ತಿರುವ ಅವರ ಮಗಳು, ಬಯಲಿನಲ್ಲಿ ಹಗಲಿನಿಂದ ರಾತ್ರಿಯವರೆಗೆ ನಡೆಯುವ ‘ಹೆವಿ ಮೆಟಲ್’ ಸಂಗೀತೋತ್ಸವವೊಂದಕ್ಕೆ ಗೆಳತಿಯರೊಡನೆ ಹೋಗಲು ಅನುಮತಿ ಬೇಡಿದ್ದಾಳೆ. ಮಗಳು ಮೊಬೈಲಿನಲ್ಲಿ ತೋರಿಸಿದ ದೃಶ್ಯಗಳಲ್ಲಿ ತಲೆಗೂದಲು ಕೆದರಿಕೊಂಡು ಅಬ್ಬರಿಸುವ ಗಾಯಕರನ್ನೂ, ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಉರುಳುವ ಜನರನ್ನೂ, ಎತ್ತ ನೋಡಿದರತ್ತ ತಲೆಬುರುಡೆಗಳನ್ನೂ ಕಂಡ ಆ ತಾಯಿ, “ಇದು ಸಂಗೀತವೋ, ದೆವ್ವ ಬಿಡಿಸುವ ಕ್ರಿಯೆಯೋ? ಹೆಣ್ಣುಮಗುವನ್ನು ಅಲ್ಲಿಗೆ ಕಳಿಸಬಹುದೆ? ತಾವು ಕೂಡ ಇಂಥದಕ್ಕೆ ಹೋಗಿದ್ದಿರಂತೆ, ನಿಜವೆ?” ಎಂದು ಕೇಳಿದ್ದಾರೆ. ಕಡೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುವುದು ಮರ್ಯಾದೆ: ನಿಜ, ಒಂದಲ್ಲ, ಎರಡು ಸಲ.

ಮೊದಲನೆಯದು 2007ರ ಮಾರ್ಚ್ 17ರ ಸಂಜೆ, ಬೆಂಗಳೂರಿನ ಅರಮನೆ ಮೈದಾನದಲ್ಲಿ, ಇಂಗ್ಲೆಂಡಿನ ಐರನ್ ಮೇಡನ್ ತಂಡವು ಭಾರತದಲ್ಲಿ ಪ್ರಥಮ ಬಾರಿಗೆ ನುಡಿಸಿದಾಗ. ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ನಕಲಾಗುತ್ತ ನಕಲಾಗುತ್ತ, ನಮ್ಮ ಕಾಲೇಜಿನ ಕೋಣೆಯನ್ನು ತಲುಪುವ ವೇಳೆಗೆ ಹಾಡಿಗಿಂತ ಟೇಪಿನ ಸರಸರವೇ ಹೆಚ್ಚಾಗಿದ್ದ ಆ ಸಂಗೀತವನ್ನು ಅಂದು ಸಾಕ್ಷಾತ್ತಾಗಿ ಕೇಳಿದ ಮೂವರು ಮಿತ್ರರಲ್ಲಿ ಒಬ್ಬರು ಈಗ ಶಿವಮೊಗ್ಗದ ಕಡೆ ವೈದ್ಯರು, ಇನ್ನೊಬ್ಬರು ಲೆಕ್ಕಪರಿಶೋಧಕರು, ಮೂರನೆಯವನು ಈ ಲೇಖನವನ್ನು ಬರೆಯುತ್ತಿರುವವನು. ಹದಿನಾರು ವರುಷಗಳ ತರುವಾಯ, ಮೂವರ ತಲೆಯಲ್ಲೂ ಕೆದರಿಕೊಳ್ಳುವಷ್ಟು ಕೂದಲು ಉಳಿಯದ ಕಾಲದಲ್ಲಿ, ಹ್ಯಾಂಬರ್ಗಿನಲ್ಲಿ ನೆಲೆಸಿರುವ ನಾಲ್ಕನೆಯ ಮಿತ್ರನೊಬ್ಬನ ಪ್ರೇರಣೆಯಿಂದ ನಾವು ಅದೇ ತಂಡವನ್ನು ಮತ್ತೆ ಕೇಳಲು ಹೊರಟೆವು. ಈ ಸಲ ಹೋದುದು ಉತ್ತರ ಜರ್ಮನಿಯ ವಾಕನ್ ಎಂಬ ಹಳ್ಳಿಗೆ.

ವಾಕನ್ ಎಂಬುದು ಶ್ಲೆಸ್ವಿಗ್-ಹೋಲ್ಸ್ಟೈನ್ ಪ್ರಾಂತ್ಯದಲ್ಲಿ, ಹುಲ್ಲುಗಾವಲುಗಳ ಮತ್ತು ಹಸುಗಳ ನಡುವೆ, ಎರಡು ಸಾವಿರದಷ್ಟು ಜನ ವಾಸಿಸುವ ಊರು. 1990ರ ಆಗಸ್ಟಿನಲ್ಲಿ ಥಾಮಸ್ ಯೆನ್ಸನ್ ಮತ್ತು ಹೋಲ್ಗರ್ ಹ್ಯೂಬ್ನರ್ ಎಂಬ ಇಬ್ಬರು ತರುಣರು ಅಲ್ಲಿನ ಒಂದು ಹಳೆಯ ಜಲ್ಲಿಗುಂಡಿಯಲ್ಲಿ ಆರು ತಂಡಗಳನ್ನು ಸೇರಿಸಿ ಎರಡು ದಿನ ಸಂಗೀತ ನಡೆಸಿದರು. ಬಂದವರು ಎಂಟುನೂರು ಮಂದಿ. ಇಂದು ಆಗಸ್ಟ್ ತಿಂಗಳ ಆದಿಯಲ್ಲಿ ಅದೇ ಊರಿಗೆ ಎಂಬತ್ತು ಸಾವಿರಕ್ಕೂ ಮೇಲ್ಪಟ್ಟ ಜನ ಬಂದು ಗುಡಾರ ಹೂಡುವರು. ಪುಟ್ಟ ಊರಿಗೆ ವರುಷಕ್ಕೊಮ್ಮೆ ಪರಿಷೆ ನೆರೆದಾಗ ಊರವರು ಏನು ಮಾಡುವರೋ ವಾಕನ್ನಿನವರೂ ಅದನ್ನೇ ಮಾಡುವರು: ಮನೆಯ ಮುಂದೆ ಮೇಜು ಹಾಕಿ ಅಜ್ಜಿಯರು ಕಾಫಿ ಮತ್ತು ಕೇಕು ಮಾರುತ್ತಾರೆ, ಹುಡುಗರು ತಮ್ಮ ಪೆಡಲ್ ಗಾಡಿಗಳಲ್ಲಿ ಯಾತ್ರಿಕರ ಬಿಯರ್ ಪೆಟ್ಟಿಗೆಗಳನ್ನು ಸಾಗಿಸಿ ಪುಡಿಗಾಸು ಸಂಪಾದಿಸುತ್ತಾರೆ. ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದವರಿಗೆ ತಮ್ಮದೇ ಆದ ಒಂದು ಹಿತ್ತಾಳೆ ವಾದ್ಯಗಳ ಮೇಳ ಉಂಟು. ಸಮವಸ್ತ್ರ ತೊಟ್ಟ ಈ ಗೃಹಸ್ಥರು ತುತ್ತೂರಿ ಊದಿ ಉತ್ಸವಕ್ಕೆ ನಾಂದಿ ಹಾಡುವುದು ಅಲ್ಲಿನ ಸಂಪ್ರದಾಯ, ಮತ್ತು ಅವರಿಗೆ ದೊರೆಯುವ ಕರತಾಡನವು ದೊಡ್ಡ ತಂಡಗಳಿಗೂ ಅಸೂಯೆ ಹುಟ್ಟಿಸತಕ್ಕದ್ದು.

ನಾವು ಹೋದ 2023ರ ವರುಷವೇ ಮಳೆಯು ವಾಕನ್ನಿನ ಮೇಲೆ ಸೇಡು ತೀರಿಸಿಕೊಂಡಂತೆ ಸುರಿಯಿತು. ಉತ್ಸವ ಆರಂಭವಾಗುವ ಮೊದಲೇ ಹೊಲಗಳೆಲ್ಲ ಕೆಸರಾಗಿ, ವಾಹನಗಳು ಅಚ್ಚಿನವರೆಗೆ ಹೂತು, ವ್ಯವಸ್ಥಾಪಕರು ದಾರಿಯಲ್ಲಿದ್ದವರನ್ನು ಹಿಂದಿರುಗಿಸಿ ಪ್ರವೇಶವನ್ನೇ ನಿಲ್ಲಿಸಬೇಕಾಯಿತು. ಎಂಬತ್ತೈದು ಸಾವಿರ ಜನರಿಗೆಂದು ಸಿದ್ಧವಾಗಿದ್ದ ಬಯಲಿನಲ್ಲಿ ಕಡೆಗೆ ಇದ್ದವರು ಸುಮಾರು ಅರುವತ್ತೊಂದು ಸಾವಿರ. ಹ್ಯಾಂಬರ್ಗಿನ ಮಿತ್ರನ ಮುನ್ನೆಚ್ಚರಿಕೆಯಿಂದ ಸೋಮವಾರವೇ ಹೋಗಿ ಸೇರಿದ್ದ ನಾವು ಆ ಭಾಗ್ಯಶಾಲಿಗಳ ಪೈಕಿ. ಭಾಗ್ಯವೆಂದೆನಷ್ಟೆ, ನಮ್ಮ ಕಾರನ್ನು ಕಡೆಯ ನೂರು ಮಾರು ಎಳೆದುಕೊಂಡು ಹೋದುದು ಆ ಊರಿನ ರೈತನೊಬ್ಬನ ಟ್ರ್ಯಾಕ್ಟರು. ಮಲೆನಾಡಿನ ಗದ್ದೆಯಲ್ಲಿ ಬೆಳೆದ ನಮ್ಮ ವೈದ್ಯಮಿತ್ರರು ಮೊಣಕಾಲುದ್ದ ಕೆಸರಿನಲ್ಲಿ ನಿಂತು ಸುತ್ತಲೂ ಒಮ್ಮೆ ವೃತ್ತಿಪರ ದೃಷ್ಟಿ ಹರಿಸಿ, “ಹದ ಚೆನ್ನಾಗಿ ಬಂದಿದೆ ಕಣಯ್ಯ, ಸಸಿ ಇದ್ದಿದ್ದರೆ ಇವತ್ತೇ ನಾಟಿ ಮುಗಿಸಿಬಿಡಬಹುದಾಗಿತ್ತು” ಎಂದರು.

ಆ ತಾಯಿಯ ಮೊದಲ ಪ್ರಶ್ನೆಗೆ ಬರುತ್ತೇನೆ: ಇದು ಸಂಗೀತವೋ ಅಲ್ಲವೋ? ಉತ್ತರವನ್ನು ಹೇಳಲು ಬರ್ಮಿಂಗ್‌ಹ್ಯಾಮ್ ನಗರದ ಒಂದು ಕಾರ್ಖಾನೆಗೆ ಹೋಗಬೇಕು. ಅಲ್ಲಿ ತಗಡು ಕತ್ತರಿಸುವ ಕೆಲಸದಲ್ಲಿದ್ದ ಟೋನಿ ಅಯೋಮಿ ಎಂಬ ಹದಿನೇಳರ ಹುಡುಗ, ಕೆಲಸ ಬಿಟ್ಟು ಗಿಟಾರ್ ವಾದಕನಾಗಿ ಹೊರಡಬೇಕೆಂದಿದ್ದ ಕಡೆಯ ದಿನವೇ, ಯಂತ್ರಕ್ಕೆ ಬಲಗೈ ಕೊಟ್ಟು ನಡುಬೆರಳು ಮತ್ತು ಉಂಗುರಬೆರಳುಗಳ ತುದಿಗಳನ್ನು ಕಳೆದುಕೊಂಡ. ಎಡಚನಾದ ಅವನಿಗೆ ತಂತಿಗಳನ್ನು ಅದುಮುವ ಕೈಯೇ ಅದು. ವಾದನ ಮುಗಿಯಿತೆಂದು ಕುಳಿತವನಿಗೆ ಕಾರ್ಖಾನೆಯ ಮೇಲ್ವಿಚಾರಕರೊಬ್ಬರು ಜ್ಯಾಂಗೋ ರೈನ್‌ಹಾರ್ಟ್‌ನ ಧ್ವನಿಮುದ್ರಿಕೆಯೊಂದನ್ನು ತಂದು ಕೇಳಿಸಿದರು. ಬೆಂಕಿಯಲ್ಲಿ ಎರಡು ಬೆರಳುಗಳ ಶಕ್ತಿಯನ್ನು ಕಳೆದುಕೊಂಡೂ ಯೂರೋಪಿನ ಶ್ರೇಷ್ಠ ಗಿಟಾರ್ ವಾದಕರಲ್ಲಿ ಒಬ್ಬನೆನಿಸಿದವನು ರೈನ್‌ಹಾರ್ಟ್. ಅಯೋಮಿ ಪಾತ್ರೆ ತೊಳೆಯುವ ದ್ರವದ ಪ್ಲಾಸ್ಟಿಕ್ ಸೀಸೆಯೊಂದನ್ನು ಕರಗಿಸಿ, ಬೆರಳ ತುದಿಗೆ ಟೋಪಿಗಳನ್ನು ಮಾಡಿಕೊಂಡು, ತೆಳುವಾದ ತಂತಿಗಳನ್ನು ಹೂಡಿ, ಮುಂದೆ ಆ ತಂತಿಗಳನ್ನೂ ಸಡಿಲಿಸಿ ಶ್ರುತಿಯನ್ನು ಕೆಳಕ್ಕಿಳಿಸಿದ. ಶ್ರುತಿ ಇಳಿದಂತೆಲ್ಲ ನಾದವು ಗಂಭೀರವಾಯಿತು, ಭಾರವಾಯಿತು. ಅವನ ತಂಡ ಬ್ಲ್ಯಾಕ್ ಸಬ್ಬತ್. 1970ರ ಫೆಬ್ರುವರಿ 13ರಂದು ಹೊರಬಂದ ಅದರ ಪ್ರಥಮ ಮುದ್ರಿಕೆಯನ್ನೇ ಈ ಸಂಪ್ರದಾಯದ ಜನ್ಮದಿನವೆಂದು ಬಹುಮಂದಿ ಎಣಿಸುವರು. ಲೋಹ ಕಡಿದ ಬೆರಳಿನಿಂದ ಹುಟ್ಟಿದ ಸಂಗೀತಕ್ಕೆ ಲೋಹದ ಹೆಸರೇ ಬಂದುದು ಆಕಸ್ಮಿಕವಾದರೂ ಅನುಚಿತವಲ್ಲ.

ಆ ಮುದ್ರಿಕೆಯ ಮೊದಲ ಹಾಡಿನಲ್ಲಿರುವುದು ಮೂರೇ ಸ್ವರಗಳ ಒಂದು ಸಂಚಾರ: ಷಡ್ಜ, ಮೇಲಿನ ಷಡ್ಜ, ಅಲ್ಲಿಂದ ಕೆಳಗಿಳಿದು ನಮ್ಮವರು ಪ್ರತಿಮಧ್ಯಮವೆನ್ನುವ ಸ್ವರ. ಷಡ್ಜಕ್ಕೂ ಈ ಸ್ವರಕ್ಕೂ ನಡುವಣ ಅಂತರಕ್ಕೆ ಪಾಶ್ಚಾತ್ಯರಲ್ಲಿ ‘ಸಂಗೀತದೊಳಗಿನ ಸೈತಾನ’ ಎಂಬ ಅಡ್ಡಹೆಸರುಂಟು. ಚರ್ಚು ಇದನ್ನು ನಿಷೇಧಿಸಿತ್ತೆಂಬ ಕಥೆ ಮಾತ್ರ ಕಟ್ಟುಕಥೆ. ಈ ಸೈತಾನನ ಮಾತನ್ನು ಕೇಳಿದಾಗಲೆಲ್ಲ ನನಗೆ ನಗು ಬರುತ್ತದೆ. ಏಕೆಂದರೆ ಎಪ್ಪತ್ತೆರಡು ಮೇಳಕರ್ತಗಳಲ್ಲಿ ಮೂವತ್ತಾರು ಪ್ರತಿಮಧ್ಯಮದವೇ, ಮತ್ತು ಆ ಮೂವತ್ತಾರರಲ್ಲಿ ಕಲ್ಯಾಣಿಯೂ ಒಂದು! ಒಂದು ನಾಡಿನಲ್ಲಿ ದೆವ್ವವೆನಿಸಿದ ಸ್ವರ ಇನ್ನೊಂದು ನಾಡಿನಲ್ಲಿ ಮಂಗಳವೆನಿಸಿರುವಾಗ, ಅಪರಾಧವನ್ನು ಸ್ವರದ ಮೇಲೆ ಹೊರಿಸುವುದು ನ್ಯಾಯವಲ್ಲ.

ಇನ್ನು ಆ ಗಿಟಾರಿನ ಗರ್ಜನೆ. ವಿದ್ಯುತ್ ಗಿಟಾರಿನಿಂದ ಬರುವ ಸಂಕೇತವನ್ನು ಧ್ವನಿವರ್ಧಕವು ತಾಳಲಾರದಷ್ಟು ಹೆಚ್ಚಿಸಿದರೆ, ನಾದದ ಅಲೆಗಳ ಶಿಖರಗಳು ಕೊಯ್ದಂತೆ ಚಪ್ಪಟೆಯಾಗಿ, ಮೂಲಸ್ವರದೊಡನೆ ಅದರ ಮೇಲುಸ್ವರಗಳ ಒಂದು ಹಿಂಡೇ ಹೊಮ್ಮುತ್ತದೆ; ಒಂದು ತಂತಿ ಮೀಟಿದರೆ ಹತ್ತು ತಂತಿ ಮೀಟಿದಷ್ಟು ತುಂಬು ನಾದ ಬರುವುದು ಇದರಿಂದಲೇ. ಈ ತುಂಬುವಿಕೆಯ ನಡುವೆ ಗಾಂಧಾರವನ್ನೂ ಸೇರಿಸಿ ನುಡಿಸಿದರೆ ಎಲ್ಲವೂ ಕಲಸಿಹೋಗುವುದಾದ್ದರಿಂದ, ಲೋಹವಾದಕರು ಅದನ್ನು ಕೈಬಿಟ್ಟು ಷಡ್ಜ ಪಂಚಮಗಳನ್ನು ಮಾತ್ರ ಜೊತೆಯಾಗಿ ಮೀಟುವರು. ಷಡ್ಜ ಮತ್ತು ಪಂಚಮ: ಅಂದರೆ ನಮ್ಮ ಮನೆಯ ಮೂಲೆಯಲ್ಲಿ ಗವಸು ಹೊದ್ದು ನಿಂತಿರುವ ತಂಬೂರಿ. ಭೂಕಂಪದಂತೆ ಕೇಳುವ ಈ ಸೌಧದ ತಳಪಾಯದಲ್ಲಿ ತಂಬೂರಿಯ ಎರಡು ಸ್ವರಗಳು ಕುಳಿತಿವೆಯೆಂಬುದನ್ನು ಅರಿತ ಮೇಲೆ ನನ್ನ ಕಿವಿಗೆ ಗದ್ದಲವು ಗದ್ದಲವಾಗಿ ಉಳಿಯಲಿಲ್ಲ.

ಹಾಗಾದರೆ ಆ ಅಬ್ಬರ, ಆ ಬುರುಡೆ, ಆ ಕರಾಳ ಮುಖಲೇಪನ? ಇಲ್ಲಿ ನಾನು ಹೇಳಬೇಕಾದ ಮಾತು ಒಂದೇ. ಕರಾವಳಿಯ ಬಯಲಾಟದಲ್ಲಿ ನಡುರಾತ್ರಿ ಕಳೆದ ಮೇಲೆ ಪರದೆಯ ಹಿಂದಿನಿಂದ ಬಣ್ಣದ ವೇಷದ ಆರ್ಭಟ ಕೇಳುತ್ತದೆ; ಚೆಂಡೆಯ ಪೆಟ್ಟು ಏರುತ್ತದೆ; ದೀವಟಿಗೆಯ ಬೆಳಕಿನಲ್ಲಿ ಕೋರೆಹಲ್ಲಿನ ರಾಕ್ಷಸ ಸಭೆಯನ್ನು ಪ್ರವೇಶಿಸಿದೊಡನೆ ಮಕ್ಕಳು ತಾಯಂದಿರ ಸೆರಗಿನೊಳಗೆ ಮುಖ ಹುದುಗಿಸಿ, ಒಂದು ಕಣ್ಣನ್ನು ಮಾತ್ರ ಹೊರಗಿಟ್ಟು ನೋಡುತ್ತವೆ. ಅದನ್ನು ಕಂಡು ದೆವ್ವದ ಪೂಜೆಯೆಂದವರು ಯಾರೂ ಇಲ್ಲ. ಆ ಆರ್ಭಟ ವರುಷಗಳ ಸಾಧನೆಯ ಫಲವೆಂದೂ, ಬೆಳಗಾದ ಮೇಲೆ ರಾಕ್ಷಸನು ಬಣ್ಣ ಒರೆಸಿಕೊಂಡು ಬಸ್ಸು ಹಿಡಿದು ಮನೆಗೆ ಹೋಗುವನೆಂದೂ ನಮಗೆ ತಿಳಿದಿದೆ. ಮೆಟಲ್ ಗಾಯಕರ ಕಂಠಗರ್ಜನೆಯೂ ಅಂಥದೇ ಅಭ್ಯಾಸಸಾಧ್ಯ ವಿದ್ಯೆ, ಅವರ ಬುರುಡೆಯೂ ಅಂಥದೇ ವೇಷ. ಭಯವನ್ನು ಎದುರಿಗೆ ಕುಣಿಸಿ ನೋಡುವ ಆಸೆ ಮನುಷ್ಯನಿಗೆ ಎಲ್ಲ ದೇಶಗಳಲ್ಲೂ ಇದೆ. ವಾಕನ್ನಿನಲ್ಲಿ ನಮ್ಮ ಪಕ್ಕದ ಗುಡಾರದಲ್ಲಿದ್ದ ಭೀಮಕಾಯದವನು, ಗಡ್ಡವನ್ನು ಜಡೆಯಾಗಿ ಹೆಣೆದು, ತಂಡಗಳ ಲಾಂಛನಗಳನ್ನು ಹೊಲಿದ ತೋಳಿಲ್ಲದ ಅಂಗಿ ತೊಟ್ಟಿದ್ದನು. ಈ ಅಂಗಿಗೆ ಜರ್ಮನರು ‘ಕುಟ್ಟೆ’ ಎನ್ನುವರು; ಆ ಶಬ್ದದ ಮೂಲಾರ್ಥ ಸನ್ಯಾಸಿಯ ನಿಲುವಂಗಿ. ವಿಚಾರಿಸಲಾಗಿ ಅವನು ವೃದ್ಧಾಶ್ರಮವೊಂದರಲ್ಲಿ ಮುದುಕರಿಗೆ ಊಟ ಉಣಿಸಿ ಸ್ನಾನ ಮಾಡಿಸುವ ಕೆಲಸದವನು. ನಮ್ಮ ಲೆಕ್ಕಪರಿಶೋಧಕರು ಹೋದಲ್ಲೆಲ್ಲ ಒಯ್ಯುವ ಚಟ್ನಿಪುಡಿಯನ್ನು ಬ್ರೆಡ್ಡಿನ ಮೇಲೆ ಉದುರಿಸಿ ಕೊಟ್ಟಾಗ, ಕಣ್ಣಲ್ಲಿ ನೀರು ತುಂಬಿಕೊಂಡು, ಮಾತು ಹೊರಡದೆ, ತೋರುಬೆರಳು ಕಿರುಬೆರಳುಗಳನ್ನು ಕೊಂಬಿನಂತೆ ಎತ್ತಿ ತನ್ನ ಮೆಚ್ಚುಗೆಯನ್ನು ಸೂಚಿಸಿದನು.

ಆ ಕೊಂಬಿನ ಮುದ್ರೆಯೂ ಪತ್ರ ಬರೆದ ತಾಯಿಯನ್ನು ಕಂಗೆಡಿಸಿದೆ. ಅದನ್ನು ಮೆಟಲ್ ವೇದಿಕೆಯ ಮೇಲೆ ಪ್ರಚುರಗೊಳಿಸಿದವರು ರಾನಿ ಜೇಮ್ಸ್ ಡಿಯೊ ಎಂಬ ಗಾಯಕರು. ಇಟಲಿ ಮೂಲದ ತಮ್ಮ ಅಜ್ಜಿ ಕೆಟ್ಟ ದೃಷ್ಟಿಯನ್ನು ನಿವಾರಿಸಲು ಹೀಗೆ ಕೈ ಮಾಡುತ್ತಿದ್ದರೆಂದೂ, ತಾವು ಕಲಿತುದು ಅವರಿಂದಲೆಂದೂ ಅವರೇ ಹೇಳಿಕೊಂಡಿದ್ದರು. ಮಗುವಿನ ಕೆನ್ನೆಗೆ ಕಪ್ಪು ಬೊಟ್ಟಿಟ್ಟು, ಉಪ್ಪು ಮೆಣಸಿನಕಾಯಿ ನಿವಾಳಿಸುವ ನಮ್ಮ ಅಜ್ಜಿಯರಿಗೆ ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲ.

ಡಿಕ್ಕಿ ಹೊಡೆದಾಡುವ ವಿಚಾರ ಸ್ವಲ್ಪ ಬೇರೆ. ವೇದಿಕೆಯ ಮುಂದೆ ಜನ ತಾವಾಗಿಯೇ ತೆರವು ಮಾಡಿಕೊಂಡು, ಒಬ್ಬರ ಮೇಲೊಬ್ಬರು ನುಗ್ಗುವ ‘ಮಾಷ್ ಪಿಟ್’ ಎಂಬ ಕಣವನ್ನು ಕಾರ್ನೆಲ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಅಧ್ಯಯನ ಮಾಡಿ 2013ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅನಿಲದ ಕಣಗಳ ವೇಗಗಳು ಹೇಗೆ ಹಂಚಿಕೆಯಾಗಿರುವುವೋ ಈ ಮನುಷ್ಯರ ವೇಗಗಳೂ ಹಾಗೆಯೇ ಎಂಬುದು ಅವರು ಕಂಡ ಸಂಗತಿ. ಜನ ದೊಡ್ಡ ವೃತ್ತವಾಗಿ ಓಡುವ ಇನ್ನೊಂದು ಬಗೆಯೂ ಉಂಟು. ಅಂಥ ವೃತ್ತಗಳಲ್ಲಿ ನೂರಕ್ಕೆ ತೊಂಬತ್ತೈದು ತಿರುಗುವುದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ, ಅಂದರೆ ಅಪ್ರದಕ್ಷಿಣವಾಗಿ. ಬಹುಜನರ ಬಲಗೈ ಬಲಗಾಲುಗಳ ಪ್ರಾಬಲ್ಯ ಇದಕ್ಕೆ ಕಾರಣವಿರಬಹುದೆಂದು ಅವರ ಊಹೆ. ವಿಜ್ಞಾನಿಗಳ ಲೆಕ್ಕಕ್ಕೆ ಸಿಕ್ಕದಿದ್ದುದನ್ನು ನಾನು ಕಣ್ಣಾರೆ ಕಂಡೆ. ಐವತ್ತೆರಡು ವರುಷದ ನಮ್ಮ ಲೆಕ್ಕಪರಿಶೋಧಕರು, ನಾವು ಬೇಡವೆಂದರೂ ಕೇಳದೆ ಆ ಕಣಕ್ಕಿಳಿದು, ಮೂರನೆಯ ಹೆಜ್ಜೆಗೆ ಕೆಸರಿನಲ್ಲಿ ಕವುಚಿ ಬಿದ್ದರು. ಬಿದ್ದ ಕ್ಷಣವೇ ನಾಲ್ಕು ದಿಕ್ಕಿನಿಂದ ನಾಲ್ಕು ಕೈಗಳು ಬಂದು ಅವರನ್ನು ಎತ್ತಿ ನಿಲ್ಲಿಸಿದವು. ಉಳಿದವರು ತೋಳು ಚಾಚಿ ಸುತ್ತ ಗೋಡೆಯಾದರು. ಒಬ್ಬಳು ಹುಡುಗಿ ಕೆಸರು ನುಂಗಿದ್ದ ಅವರ ಒಂದು ಬೂಟನ್ನು ಹುಡುಕಿ ತೆಗೆದು, ಒಡೆಯನು ಕಾಣಲೆಂದು ವಿಜಯಧ್ವಜದಂತೆ ತಲೆಯ ಮೇಲೆ ಎತ್ತಿ ಹಿಡಿದಳು. ಬಿದ್ದವರನ್ನು ಎತ್ತದೆ ಮುಂದಿನ ಹೆಜ್ಜೆಯಿಲ್ಲ ಎಂಬುದು ಅಲ್ಲಿನ ಅಲಿಖಿತ ನಿಯಮ. ನಮ್ಮ ಎಷ್ಟೋ ರಥೋತ್ಸವಗಳ ನೂಕುನುಗ್ಗಲಿನಲ್ಲಿ ಈ ನಿಯಮವನ್ನು ಕಾಣಲು ನಾನು ಹಂಬಲಿಸಿದ್ದೇನೆ.

ಗಲಭೆಗಳು ಆಗಿಯೇ ಇಲ್ಲವೆನ್ನಲಾರೆ. 2011ರ ಅಕ್ಟೋಬರಿನಲ್ಲಿ ದೆಹಲಿಯ ಬಳಿ ಮೆಟಾಲಿಕಾ ತಂಡದ ಕಾರ್ಯಕ್ರಮ ರದ್ದಾದಾಗ ರೊಚ್ಚಿಗೆದ್ದ ಜನ ವೇದಿಕೆಗೆ ನುಗ್ಗಿದರು. ಎರಡು ದಿನ ಕಳೆದು, ಅದೇ ತಂಡ ನಮ್ಮ ಅರಮನೆ ಮೈದಾನದಲ್ಲಿ ನುಡಿಸಿದಾಗ ಜನ ಕೇಳಿ, ಕುಣಿದು ಮನೆಗೆ ಹೋದರು. ಗಲಭೆಯಾದುದು ಸಂಗೀತ ನಡೆಯದ ಊರಿನಲ್ಲಿ ಎಂಬುದನ್ನು ಗಮನಿಸಬೇಕು.

ಎಲ್ಲವೂ ನನಗೆ ರುಚಿಸಿತೆಂದು ಹೇಳಿದರೆ ಸುಳ್ಳಾದೀತು. ಮೂರನೆಯ ದಿನದ ಮಧ್ಯಾಹ್ನದ ವೇಳೆಗೆ ಹತ್ತು ತಂಡಗಳು ಒಂದೇ ಹಾಡನ್ನು ಹಾಡುತ್ತಿರುವಂತೆ ತೋರಿತು. ಕೆಲವರ ಸಾಹಿತ್ಯ ಬಾಲಿಶ. ಅದು ಕೇಳಿಸದಿರುವುದೇ ಲಾಭ. ಸಮಾಜದ ಕಟ್ಟುಗಳನ್ನೆಲ್ಲ ಧಿಕ್ಕರಿಸುವೆವೆನ್ನುವ ಅರುವತ್ತು ಸಾವಿರ ಜನ ಒಂದೇ ಬಣ್ಣದ ಅಂಗಿ ತೊಟ್ಟು ನಿಂತಿರುವುದೂ, ಆ ಅಂಗಿಗಾಗಿ ಗಂಟೆಗಟ್ಟಲೆ ಶಿಸ್ತಿನ ಸಾಲಿನಲ್ಲಿ ಕಾಯುವುದೂ, ವಿನೋದಕ್ಕೆ ಒಳ್ಳೆಯ ವಸ್ತು. ಆದರೆ ಐರನ್ ಮೇಡನ್ ವೇದಿಕೆಗೆ ಬಂದ ರಾತ್ರಿ ಈ ಟೀಕೆಗಳೆಲ್ಲ ನನ್ನ ಬಳಿ ಉಳಿಯಲಿಲ್ಲ. ಅವರ ಲಾಂಛನಪುರುಷನಾದ ‘ಎಡ್ಡಿ’, ಒಳಗೊಬ್ಬ ಮನುಷ್ಯನನ್ನಿಟ್ಟುಕೊಂಡು ನಮ್ಮ ಗಾರುಡಿ ಗೊಂಬೆಯಂತೆ ತೂಗಾಡುತ್ತ ಬಂದನು. 1986ರಲ್ಲಿ ಮುದ್ರಿಸಿದ್ದರೂ ಮೂವತ್ತೇಳು ವರುಷ ವೇದಿಕೆಯ ಮೇಲೆ ಒಮ್ಮೆಯೂ ನುಡಿಸದೆ ಇದ್ದ, ಮಹಾ ಅಲೆಕ್ಸಾಂಡರನನ್ನು ಕುರಿತ ಹಾಡನ್ನು ಅವರು ಆ ವರುಷದ ಪ್ರವಾಸದಲ್ಲಿ ಮೊದಲ ಸಲ ಎತ್ತಿಕೊಂಡಿದ್ದರು. ಕ್ಯಾಸೆಟ್ಟಿನ ಸರಸರದ ಹಿಂದೆ ಕಿವಿಗೊಟ್ಟು ಹುಡುಕಿದ್ದ ಆ ಹಾಡು ಬಯಲನ್ನೆಲ್ಲ ತುಂಬಿದಾಗ, ನಾಟಿಯ ಮಾತಾಡಿದ್ದ ವೈದ್ಯರು ಕನ್ನಡಕ ತೆಗೆದು ಒರೆಸಿಕೊಂಡರು. ಮಳೆ ಆಗ ನಿಂತಿತ್ತು.

ನಮ್ಮೂರಿಗೂ ಆ ಬಯಲಿಗೂ ಸಂಬಂಧವಿಲ್ಲವೆಂದು ಭಾವಿಸಬೇಡಿ. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕ್ರಿಪ್ಟೋಸ್ ತಂಡ 2013ರಲ್ಲಿ ವಾಕನ್ನಿನ ವೇದಿಕೆ ಏರಿತು. 2012ರಲ್ಲಿ ಆರಂಭವಾದ ‘ಬೆಂಗಳೂರು ಓಪನ್ ಏರ್’ ಉತ್ಸವದ ಹೆಸರು ‘ವಾಕನ್ ಓಪನ್ ಏರ್’ ಎಂಬ ಅಲ್ಲಿನ ಉತ್ಸವದ ಹೆಸರನ್ನೇ ಹೋಲುತ್ತದೆ.

ಆದುದರಿಂದ, ತಾಯಿ, ಮಗಳನ್ನು ಕಳಿಸಿರಿ. ನನಗೆ ಇರುವ ನಿಜವಾದ ಆತಂಕ ಅವಳ ಆತ್ಮವನ್ನು ಕುರಿತದ್ದಲ್ಲ, ಕಿವಿಯನ್ನು ಕುರಿತದ್ದು. 2007ರ ಆ ಸಂಜೆಯ ಮೇಲೆ ಎರಡು ದಿನ ನನ್ನ ಕಿವಿಯೊಳಗೆ ಜೀರುಂಡೆ ಕೂಗುತ್ತಿತ್ತು. ಎಂಬತ್ತೈದು ಡೆಸಿಬಲ್ ಶಬ್ದವನ್ನು ಎಂಟು ಗಂಟೆ ಸಹಿಸಬಹುದಾದರೆ, ಪ್ರತಿ ಮೂರು ಡೆಸಿಬಲ್ ಏರಿದಂತೆ ಆ ಅವಧಿ ಅರ್ಧವಾಗುತ್ತ, ನೂರು ಡೆಸಿಬಲ್ಲಿಗೆ ಕೇವಲ ಹದಿನೈದು ನಿಮಿಷಕ್ಕೆ ಇಳಿಯುತ್ತದೆ. ವೇದಿಕೆಯ ಮುಂದಿನ ಶಬ್ದ ಅದಕ್ಕಿಂತ ಕಡಿಮೆ ಇರುವುದು ಅಪರೂಪ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಔಷಧದ ಅಂಗಡಿಯಲ್ಲಿ ಇಯರ್ ಪ್ಲಗ್ ಸಿಗುತ್ತದೆ. ಬೆಲೆ ಹೆಚ್ಚೇನಲ್ಲ, ಸಂಗೀತವೂ ಅದರೊಳಗಿಂದ ಕೇಳುತ್ತದೆ. ಗೆಳತಿಯರು ಜೊತೆ ತಪ್ಪಿದರೆ ಎಲ್ಲಿ ಸೇರಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಲಿ; ಮೊದಲ ಸಲ ಆ ಕಣಕ್ಕೆ ಇಳಿಯದೆ ಬದಿಯಲ್ಲಿ ನಿಂತು ನೋಡಲಿ; ಗುಂಪಿನಲ್ಲಿ ಯಾರಾದರೂ ಅಸಭ್ಯವಾಗಿ ವರ್ತಿಸಿದರೆ ಸಂಕೋಚಪಡದೆ ಗಟ್ಟಿಯಾಗಿ ಕೂಗಲಿ, ಸುತ್ತಲಿನವರು ನೆರವಿಗೆ ಬರುವರು. ಲೇಸು ಬಿಗಿಯಾಗಿ ಕಟ್ಟಿದ ಬೂಟು ಇರಲಿ. ಹಿಂದಿರುಗಿ ಬಂದ ಮೇಲೆ ಅವಳು ಕೇಳಿಸುವ ಮೊದಲ ಹಾಡನ್ನು ತಾವೂ ಒಂದು ಸಲ ಕುಳಿತು ಕೇಳಿ, ಹೇಗಿತ್ತೆಂದು ನನಗೆ ಬರೆಯಿರಿ.